ಆಯಿ ಕೂಗಿ ನೋಡಿದ ಹೆಸರು

ನಮ್ಮ ಮನೆಯಲ್ಲಿ ಕಲ್ಲಂಗಡಿಗೆ ‘ಅಂಗಡಿಹಣ್ಣು’ ಅನ್ನುತ್ತಿದ್ದರು. ಕಲ್ಲುಸಕ್ಕರೆಗೆ ‘ಗಟ್ಟಿಸಕ್ರಿ’. ಬೀಸುವ ಕಲ್ಲಿಗೆ ಬರೀ ‘ಬೀಸೂದು’. ಅಕ್ಕಿಯಲ್ಲಿ ಸಿಕ್ಕರೆ ಹರಳು, ಹೊಲದ ದಾರಿಯಲ್ಲಿ ಕಾಲಿಗೆ ತಾಗಿದರೆ ‘ಅದು’. ಹೊರಗೆ ಜನ ಬೇರೆ ಮಾತು ಆಡುತ್ತಾರೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಎರಡನೇ ಇಯತ್ತೆಯಲ್ಲಿದ್ದಾಗ ಮಾಸ್ತರರು ಗೋಡೆಗೆ ಹಣ್ಣುಗಳ ಪಟ ತೂಗುಹಾಕಿ, ಕೋಲಿನಿಂದ ಒಂದೊಂದನ್ನೇ ಮುಟ್ಟಿ ಹೆಸರು ಕೇಳುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಹಸಿರು ಪಟ್ಟೆಯ ದೊಡ್ಡ ಹಣ್ಣು. ಎದ್ದು ನಿಂತು, ಎಲ್ಲರಿಗಿಂತ ಗಟ್ಟಿಯಾಗಿ ‘ಅಂಗಡಿಹಣ್ಣು’ ಎಂದೆ. ಸಾಲೆಗೆ ಸಾಲೆಯೇ ನಕ್ಕಿತು. ಮನೆಗೆ ಬಂದವಳೇ ಪಾಟಿಚೀಲ ಎಸೆದು, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಆಯಿಯ ಎದುರು ನಿಂತೆ. ಆಯಿ ಎಂದರೆ ನನ್ನ ಅಪ್ಪನ ತಾಯಿ.

“ಆಯಿ, ಅದಕ್ಕ ಕಲ್ಲಂಗಡಿ ಅಂತಾರಂತ. ನೀ ನನಗ ಸುಳ್ಳ ಕಲಿಸೀದಿ.”

ಆಯಿ ಮೊರ ಕೆಳಗಿಟ್ಟು ತುಟಿಯ ಮೇಲೆ ಬೆರಳಿಟ್ಟಳು.

“ಸಾಲ್ಯಾಗ ಅನ್ನು, ಮನ್ಯಾಗ ಅನಬ್ಯಾಡವ್ವಾ. ನಿಮ್ಮಜ್ಜನ ಹೆಸರ ಅದರಾಗ ಐತಿ.”

ಅಜ್ಜನ ಹೆಸರು ಕಲ್ಲಪ್ಪ. ನನಗೆ ನೆನಪು ಮೂಡುವ ಮೊದಲೇ ತೀರಿಕೊಂಡಿದ್ದ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರಬಾರದು. ಆ ಹೆಸರಿನ ಚೂರು ಯಾವ ಮಾತಿನಲ್ಲಿದ್ದರೂ ಆ ಮಾತನ್ನೂ ಆಡಬಾರದು. ಮಾವನ ಹೆಸರನ್ನು ಸೊಸೆ ಹೇಳುವಂತಿಲ್ಲವಾದ್ದರಿಂದ ನನ್ನ ಅವ್ವನೂ ಹಾಗೇ. ಹೀಗಾಗಿ ನಮ್ಮ ಅಡುಗೆಮನೆಯಲ್ಲಿ ಬೇಕಾದಷ್ಟು ಕಲ್ಲುಗಳಿದ್ದವು, ಕಲ್ಲು ಎಂಬ ಮಾತು ಮಾತ್ರ ಇರಲಿಲ್ಲ. ತಿರ್ಲಾಪುರದ ನಮ್ಮ ಓಣಿಯಲ್ಲಿ ಎಲ್ಲ ಮನೆಗಳ ಕಥೆಯೂ ಹೆಚ್ಚುಕಡಿಮೆ ಇದೇ. ಹುಟ್ಟಿದ ಮಕ್ಕಳಿಗೆ ಸತ್ತ ಹಿರಿಯರ ಹೆಸರಿಡುವುದು ರೂಢಿ. ಇಟ್ಟ ಮೇಲೆ ಆ ಹೆಸರು ಹಿಡಿದು ಕರೆಯಲು ಮನೆಯ ಹೆಂಗಸರಿಗೆ ಬಾಯಿಲ್ಲ. ದೊಡ್ಡಪ್ಪನಿಗೆ ಆಯಿಯ ಮಾವನ ಹೆಸರಿತ್ತು, ಅದಕ್ಕೆ ಅವನು ‘ಅಜ್ಜಪ್ಪ’. ನನ್ನ ಅಪ್ಪನಿಗೆ ಆಯಿಯ ಭಾವನ ಹೆಸರು, ಅದಕ್ಕೆ ಅವನು ‘ಸಣ್ಣಪ್ಪ’. ನನಗೆ ಆಯಿಯ ಅತ್ತೆಯ ಹೆಸರಿಟ್ಟು ಎಲ್ಲರೂ ‘ಅವ್ವಕ್ಕ’ ಎಂದು ಕರೆದರು. ಸಾಲೆಗೆ ಸೇರಿದ ಮೊದಲ ದಿನ ಮಾಸ್ತರರು ಹಾಜರಿ ಪುಸ್ತಕ ನೋಡಿ “ಗಂಗವ್ವ” ಎಂದು ಮೂರು ಸಲ ಕರೆದರು. ನಾನು ಬೇರೆಯವರಂತೆ ಹಿಂದೆ ಮುಂದೆ ನೋಡುತ್ತ ಕುಳಿತಿದ್ದೆ. ಆಯಿ ನಮ್ಮ ಮನೆಯಲ್ಲಿ ಬಾಯಿ ಬಿಟ್ಟು ಹೆಸರು ಹಿಡಿದು ಕರೆಯುತ್ತಿದ್ದದ್ದು ದನಗಳನ್ನು ಮಾತ್ರ. ಸಂಜೆ ಮುಂಬಾಗಿಲಲ್ಲಿ ನಿಂತು “ಕೆಂಪೀ, ಬಾ ನಮ್ಮವ್ವಾ” ಎಂದರೆ ಆಕಳು ಓಣಿಯ ಆ ತುದಿಯಲ್ಲೇ ಕಿವಿ ನಿಮಿರಿಸುತ್ತಿತ್ತು.

ನಾನು ಐದನೇ ಇಯತ್ತೆಯಲ್ಲಿದ್ದಾಗ ಅವ್ವ ಮತ್ತೆ ಬಸುರಾದಳು. ಅವಳ ತವರಿನಲ್ಲಿ ಬಾಣಂತನ ಮಾಡುವವರು ಯಾರೂ ಉಳಿದಿರಲಿಲ್ಲವಾದ್ದರಿಂದ ಹೆರಿಗೆ ನಮ್ಮಲ್ಲೇ ಆಯಿತು. ಗಂಡು ಕೂಸು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ, ದೊಡ್ಡವ್ವ ತೀರಿಹೋಗಿ ಬಹಳ ವರ್ಷವಾಗಿತ್ತು. ಅವನು ಒರಟು ಮನುಷ್ಯ, ನಗುವುದು ಕಡಿಮೆ. ಅಂದು ಮಾತ್ರ ಹೊಲದಿಂದ ಓಡಿ ಬಂದು, ಕೈಕಾಲು ತೊಳೆದು, ಕೂಸನ್ನು ಎರಡೂ ಅಂಗೈಗಳಲ್ಲಿ ಹಿಡಿದು ಪಡಸಾಲೆಯ ಬೆಳಕಿಂಡಿಯ ಕೆಳಗೆ ನಿಂತ. ಕಣ್ಣಲ್ಲಿ ನೀರು ಆಡುತ್ತಿತ್ತು.

“ಅಪ್ಪ ಬಂದ್ನಬೇ,” ಎಂದ ಆಯಿಗೆ. “ನಮ್ಮಪ್ಪ ತಿರುಗಿ ಬಂದ.”

ಹೆಸರಿನ ಮಾತು ಅಲ್ಲಿಗೆ ಮುಗಿಯಿತೆಂದು ಎಲ್ಲರೂ ತಿಳಿದರು. ದೊಡ್ಡಪ್ಪ ಓಣಿಗೆಲ್ಲ ಸಕ್ಕರೆ ಹಂಚುತ್ತ ‘ನಮ್ಮಪ್ಪ ಹುಟ್ಯಾನ’ ಎಂದೇ ಹೇಳಿಕೊಂಡು ಬಂದ. ಆಯಿ ಬಾಣಂತಿಗೆ ಅಂಟಿನುಂಡಿ ಕಟ್ಟಿದಳು, ಕೂಸಿಗೆ ಎಣ್ಣೆ ಹಚ್ಚಿ ಎರೆದಳು. ನಾಲ್ಕನೇ ದಿನ ಮಧ್ಯಾಹ್ನ ಮೆಣಸಿನಕಾಯಿ ಒಣಗಿಸುವ ನೆಪದಲ್ಲಿ ನನ್ನನ್ನು ಮಾಳಿಗೆಯ ಮೇಲೆ ಕರೆದುಕೊಂಡು ಹೋದಳು. ಮಣ್ಣಿನ ಮಾಳಿಗೆ, ಸುತ್ತ ಮೊಳಕಾಲೆತ್ತರದ ಗೋಡೆ. ಅಲ್ಲಿಂದ ಕಪ್ಪು ಹೊಲಗಳು ಆಕಾಶದವರೆಗೂ ಕಾಣುತ್ತಿದ್ದವು.

“ಅವ್ವಕ್ಕ, ನೀ ಸಾಲಿ ಕಲತಾಕಿ. ನನಗೊಂದು ಹೆಸರ ಹುಡುಕಿ ಕೊಡು. ನಮ್ಮ ಮನ್ಯಾಗ ಯಾರಿಗೂ ಇರಬಾರದು, ಊರಾಗೂ ಇರಬಾರದು. ಅಗದಿ ಹೊಸಾದಿರಬೇಕು.”

“ಯಾಕ ಆಯಿ? ಅಜ್ಜನ ಹೆಸರ ಇಡ್ತಾರಲ್ಲ?”

“ನೀ ಹುಡುಕು. ಯಾರ ಮುಂದೂ ಹೇಳಬ್ಯಾಡ.”

ಹತ್ತು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ಕೆಲಸ ಯಾರೂ ಕೊಟ್ಟಿರಲಿಲ್ಲ. ಸಾಲೆಯ ಹಾಜರಿ ಪುಸ್ತಕದಲ್ಲಿ ಇದ್ದವರೆಲ್ಲ ಬಸಪ್ಪ, ಫಕೀರಪ್ಪ, ಯಲ್ಲಪ್ಪ. ಹೊಸ ಹೆಸರುಗಳು ನಮ್ಮೂರಿಗೆ ಬರುತ್ತಿದ್ದದ್ದು ರೇಡಿಯೋದಲ್ಲಿ. ಮಧ್ಯಾಹ್ನ ಕೇಳುಗರು ಬಯಸಿದ ಹಾಡು ಹಾಕುವಾಗ, ಹಾಡಿಗಿಂತ ಉದ್ದವಾಗಿ ಅವರ ಹೆಸರುಗಳನ್ನು ಓದುತ್ತಿದ್ದರು: ಯಾವ ಯಾವುದೋ ಊರಿನ ಸುನೀತಾ, ಪಿಂಕಿ, ರಾಜೇಶ, ಸಂದೀಪ ಮತ್ತು ಮನೆಯವರೆಲ್ಲರೂ. ದೊಡ್ಡಪ್ಪನ ರೇಡಿಯೋಕ್ಕೆ ಕಿವಿ ಹಚ್ಚಿ, ಗಣಿತದ ವಹಿಯ ಕಡೆಯ ಹಾಳೆಯಲ್ಲಿ ಗಂಡುಹೆಸರುಗಳನ್ನಷ್ಟೇ ಬರೆದುಕೊಂಡೆ. ಮೂರು ದಿನದಲ್ಲಿ ಒಂಬತ್ತಾದವು.

ಆಯಿಗೆ ಅರ್ಥ ಬೇಕಿರಲಿಲ್ಲ. ಅವಳ ಪರೀಕ್ಷೆಯೇ ಬೇರೆ. ಮಾಳಿಗೆಯ ಅಂಚಿಗೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನು ಹೇಳಿದ ಹೆಸರನ್ನು ಹೊಲದ ಕಡೆಗೆ ಮುಖ ಮಾಡಿ ಕೂಗಿ ನೋಡುತ್ತಿದ್ದಳು. ‘ಪ್ರಶಾಂತ’ ಅವಳ ಮುಂದಿನ ಹಲ್ಲಿಲ್ಲದ ಬಾಯಲ್ಲಿ ‘ಪರಸಂತಿ’ ಆಯಿತು. ‘ಹರ್ಷ’ ಎಂದಾಗ ಸೀನು ಬಂದಂತಾಯಿತು. ಇಬ್ಬರೂ ಮೆಣಸಿನಕಾಯಿಯ ನಡುವೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ‘ಸಂದೀಪ’ ಅವಳಿಗೆ ಸೇರಲಿಲ್ಲ. “ಕಡೀಕ ತುಟಿ ಮುಚ್ಚತೈತಿ. ದನಿ ಬಾಯಾಗ ಉಳಿತೈತಿ,” ಎಂದಳು. ಏಳನೆಯದು ಸಮೀರ. ಆಯಿ ಒಮ್ಮೆ ಮೆಲ್ಲಗೆ ಅಂದುಕೊಂಡಳು. ಆಮೇಲೆ ಕೂಗಿದಳು.

“ಸಮೀರಾ…”

ದನಿ ಎಲ್ಲೂ ತಡೆಯಲಿಲ್ಲ. ಮಾಳಿಗೆ ಇಳಿದು, ಹಕ್ಕಲು ದಾಟಿ, ಹತ್ತಿ ಹೊಲದ ಮೇಲೆ ಹೋಯಿತು. ಆಯಿ ಮತ್ತೊಮ್ಮೆ ಕೂಗಿದಳು, ಇನ್ನೂ ಉದ್ದಕ್ಕೆ. ಅಷ್ಟರಲ್ಲಿ ಬಾಜೂಮನೆಯ ಮಾಬವ್ವ ಹಿತ್ತಲಿಗೆ ಓಡಿಬಂದಳು. ಮಾಬವ್ವ ನವಲಗುಂದದಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು, ಮನೆಯಲ್ಲೇ ಮಗ್ಗ ನಿಲ್ಲಿಸಿ ಜಮಖಾನೆ ನೇಯುತ್ತಿದ್ದಳು. ಕೈಯಲ್ಲಿ ಬಣ್ಣದ ನೂಲು ಹಾಗೇ ಇತ್ತು.

“ಏನವ್ವಾ, ನಮ್ಮ ಸಮೀರ ಬಂದಾನೇನು? ಎಲ್ಲದಾನ?”

“ನಿಮ್ಮ ಸಮೀರ ಯಾರ?”

“ನಮ್ಮಣ್ಣನ ಮಗ. ನವಲಗುಂದದಾಂವ. ಮತ್ತ ನೀ ಯಾರನ್ನ ಕರ್ಯಾಕತ್ತೀದಿ?”

ಆಯಿ ಕೆಳಗೆ ಬಾಗಿ, ಕೂಸಿಗೆ ಹೆಸರು ನೋಡುತ್ತಿರುವುದನ್ನು ಹೇಳಿದಳು. ಮಾಬವ್ವ ಅಡ್ಡಗೋಡೆಗೆ ಆತುಕೊಂಡು ನಕ್ಕಳು. ಅವಳ ಅಣ್ಣ ಮಕ್ಕಳಿಗೆ ಕುರಾನು ಕಲಿಸುವವನು. ಅವನೇ ಅರ್ಥ ಹೇಳಿದ್ದನಂತೆ.

“ಅರಬ್ಬಿ ಮಾತಿನ್ಯಾಗ, ಸಂಜಿಕ ಕೆಲಸಾ ಮುಗಿಸಿ ಕುಂತಾಗ ಜೋಡಿ ಮಾತಾಡಾಕ ಬರೂ ಗೆಳ್ಯಾ ಅಂತ. ಚಲೋ ಹೆಸರವ್ವಾ, ಇಡು.”

ಮರುದಿನ ನಾನು ಮಾಸ್ತರರನ್ನು ಕೇಳಿದೆ. ಅವರು ಅದು ಸಂಸ್ಕೃತದ ಶಬ್ದ, ಸಮೀರ ಎಂದರೆ ಗಾಳಿ, ಅದರಲ್ಲೂ ಮೆಲ್ಲಗೆ ಬೀಸುವ ಗಾಳಿ ಎಂದರು. ಇಬ್ಬರಲ್ಲಿ ಯಾರದು ಖರೆ ಎಂದು ನನಗೆ ಗೊಂದಲವಾಯಿತು. ಆಯಿಗೆ ಆಗಲಿಲ್ಲ. “ಎರಡೂ ಕಡೆ ಚಲೋ ಅರ್ಥ ಐತೆಂದ್ರ ನಮಗ ಲಾಭ ಆತಲ್ಲ,” ಎಂದು ಮೆಣಸಿನಕಾಯಿ ತಿರುವತೊಡಗಿದಳು.

ಹೆಸರಿಡುವುದಕ್ಕೆ ಇನ್ನು ಎರಡು ದಿನವಿತ್ತು. ಮಧ್ಯಾಹ್ನ ಅಪ್ಪ, ದೊಡ್ಡಪ್ಪ ಊಟಕ್ಕೆ ಕುಳಿತಿದ್ದರು. ಬಿಸಿ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ. ಆಯಿ ರೊಟ್ಟಿ ನೀಡುತ್ತ, ಇನ್ನೊಂದು ಹಾಕಲೇನು ಎಂದು ಕೇಳುವ ದನಿಯಲ್ಲೇ ಹೇಳಿದಳು.

“ಕೂಸಿಗೆ ಸಮೀರ ಅಂತ ಇಡ್ರಿ.”

ದೊಡ್ಡಪ್ಪನ ಕೈ ತಟ್ಟೆಯಲ್ಲೇ ನಿಂತಿತು.

“ಅದೇನ ಹೆಸರಬೇ? ಸಾಬರ ಮಂದಿ ಹೆಸರು!”

ಅಪ್ಪ ತಲೆ ಎತ್ತದೆ, “ಸಂಸ್ಕೃತದಾಗೂ ಐತಂತಣ್ಣಾ. ಗಾಳಿ ಅಂತ. ಮಾಸ್ತರು ಹೇಳ್ಯಾರ,” ಎಂದ. ನಾನು ಮೊದಲೇ ಅವನ ಕಿವಿಗೆ ಹಾಕಿದ್ದೆ.

“ಯಾವ್ದರಾಗರ ಇರಲಿ. ಅಪ್ಪನ ಹೆಸರ ಇರಾಕ ಇನ್ನೊಂದ್ಯಾಕ?” ದೊಡ್ಡಪ್ಪನ ದನಿ ಏರಿತು. ಆಮೇಲೆ ಒಮ್ಮೆಲೇ ಇಳಿಯಿತು. “ಯವ್ವಾ, ಅಪ್ಪನ ಮ್ಯಾಲ ನಿನಗ ಸಿಟ್ಟ ಐತೇನು?”

ಗಂಡಸರು ಉಣ್ಣುವಾಗ ಆಯಿ ಕುಳಿತದ್ದನ್ನು ನಾನು ಎಂದೂ ನೋಡಿರಲಿಲ್ಲ. ಅಂದು ರೊಟ್ಟಿಯ ಬುಟ್ಟಿ ಪಕ್ಕಕ್ಕಿಟ್ಟು, ಮಕ್ಕಳಿಬ್ಬರ ಎದುರು ನೆಲಕ್ಕೆ ಕುಳಿತಳು. ನಾನು ಹೊಸ್ತಿಲ ಮೇಲೆ ನೀರಿನ ತಂಬಿಗೆ ಹಿಡಿದು ನಿಂತಿದ್ದೆ.

“ಸಿಟ್ಟ ಯಾಕಪಾ. ಅಜ್ಜಪ್ಪಾ, ನೀ ಸಣ್ಣಾಂವ ಇದ್ದಿ. ಮಂದಿ ಹಳ್ಳದ ಆಚಿಕಡಿ ಹೊಲದಿಂದ ಬಂಡಿ ಹೊಡಕೊಂಡು ಬರಾಕತ್ತಿದ್ರು. ಮ್ಯಾಲ ಎಲ್ಲೋ ಮಳಿ ಆಗಿತ್ತು, ಇಲ್ಲೆ ಒಂದ ಹನಿ ಇರಲಿಲ್ಲ. ನೀರ ಬರೂದು ದಂಡಿ ಮ್ಯಾಲ ನಿಂತ ನನಗ ಕಾಣಸ್ತು, ಹಳ್ಳದಾಗ ಇಳದವರಿಗೆ ಕಾಣಸ್ಲಿಲ್ಲ. ‘ಏನ್ರೀ, ಏನ್ರೀ’ ಅಂತ ಒದರಿದೆ. ಎದುರು ಗಾಳಿ, ದನಿ ಗುರ್ತ ಹತ್ತಲಿಲ್ಲ. ಊರ ಹೆಂಗಸ್ರೆಲ್ಲ ಏನ್ರೀ ಅಂತನ ಕರೀತಾರ. ಎಲ್ಲಾರೂ ಬ್ಯಾರೇದವ್ರನ್ನ ಕರೀತಾರಂತ ತಿಳಕೊಂಡ್ರು, ನಿಮ್ಮಪ್ಪನೂ ಹಂಗ ತಿಳಕೊಂಡ್ರು. ಉಳದವರು ದಾಟಿದ್ರು. ಇವರದ ಕಡೀ ಬಂಡಿ. ಒಂದ ಎತ್ತು ಹೋತು. ಗಾಲಿಗೆ ಸಿಕ್ಕು ಅವರ ಕಾಲ ಮುರೀತು.”

ಅಜ್ಜ ಕುಂಟುತ್ತಿದ್ದನೆಂದು ಕೇಳಿದ್ದೆ. ಯಾಕೆಂದು ಯಾರೂ ಹೇಳಿರಲಿಲ್ಲ.

“ದಂಡಿಗೆ ಎಳದು ತಂದ ಮ್ಯಾಲ ನನ್ನ ಮಾರಿ ನೋಡಿದ್ರು. ‘ಕರೀಬಾರದೇನ?’ ಅಂದ್ರು. ‘ಕರದ್ನೆಲ್ರೀ’ ಅಂದೆ. ‘ನನ್ನ ಕರೀಲಿಲ್ಲ ನೀ’ ಅಂದ್ರು. ಬೈಲಿಲ್ಲ, ನಗಕೋತನ ಅಂದ್ರು. ಮುಂದ ಮನ್ಯಾಗ ಯಾರೂ ಇಲ್ಲದಾಗ ಕೇಳತಿದ್ರು, ‘ಒಮ್ಮೆ ಕರೀ, ನಿನ್ನ ಬಾಯಾಗ ಹೆಂಗ ಕೇಳಸ್ತೈತಿ ನೋಡೂಣು’ ಅಂತ. ಕಡೀಕ ಹಾಸಿಗಿ ಹಿಡದಾಗೂ ಕೇಳಿದ್ರು. ಬಾಯಿ ತಗದೆ. ನಾಲಗಿ ಹೊಳ್ಳಲಿಲ್ಲಪಾ.”

ಅಪ್ಪ ಮೆಲ್ಲಗೆ, “ಒಡಪಿನ್ಯಾಗ ಹೇಳಿದ್ದಿಲ್ಲೇನಬೇ?” ಎಂದ. ಮದುವೆ, ಸೀಮಂತದಲ್ಲಿ ಹೆಂಗಸರು ಗಂಡನ ಹೆಸರನ್ನು ಪದಕ್ಕೆ ಹೆಣೆದು ಹೇಳುತ್ತಾರೆ, ಅದಕ್ಕೆ ಮಾಫಿ ಇದೆ.

“ಅದು ಹೆಸರ ಹೇಳೂದು. ಕರಿಯೂದಲ್ಲ,” ಎಂದಳು ಆಯಿ. “ಈ ಕೂಸಿಗೂ ಅವರ ಹೆಸರ ಇಟ್ರ ನಾ ಏನಂತ ಕರೀಲಿ? ನಿಮ್ಮಿಬ್ರನ್ನೂ ಕರೀಲಿಲ್ಲ, ನಿಮ್ಮ ತಂಗೀನೂ ಕರೀಲಿಲ್ಲ. ಆ ಹೊಸ್ತಲದಾಗ ನಿಂತಾಳಲ್ಲ, ಅಕಿನ್ನೂ ಕರೀಲಿಲ್ಲ. ಸಾಯೂದ್ರಾಗ ಮನ್ಯಾಗ ಒಬ್ಬಾಂವನ್ನರ ಹೆಸರ ಹಿಡದು ಬಾಯ್ತುಂಬ ಕರೀತೀನಿ. ಇಷ್ಟ ಕೊಡ್ರಿ.”

ದೊಡ್ಡಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ. ಅರ್ಧ ರೊಟ್ಟಿ ಹಾಗೇ ಉಳಿದಿತ್ತು. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆಯಿ ‘ಅಕಿನ್ನೂ ಕರೀಲಿಲ್ಲ’ ಎಂದ ಮಾತು ಎದೆಯಲ್ಲಿ ಕುಳಿತುಬಿಟ್ಟಿತ್ತು. ಅವಳು ನನ್ನನ್ನು ದಿನಕ್ಕೆ ನೂರು ಸಲ ಕರೆಯುತ್ತಿದ್ದಳು, ನನಗೆ ಅವ್ವಕ್ಕ ಎಂಬುದೇ ಹೆಸರಾಗಿತ್ತು. ಅದರಲ್ಲಿ ಅವಳಿಗೆ ಏನೋ ಕಡಿಮೆ ಬೀಳುತ್ತಿತ್ತೆಂಬುದು ಆ ಕ್ಷಣದವರೆಗೂ ನನಗೆ ತಿಳಿದಿರಲಿಲ್ಲ. ಹಿತ್ತಲಿಗೆ ಹೋಗಿ ಒಬ್ಬಳೇ ‘ಗಂಗವ್ವ’ ಎಂದುಕೊಂಡೆ. ಬೇರೆ ಯಾರದೋ ಹೆಸರಿನಂತೆ ಕೇಳಿಸಿತು.

ಹೆಸರಿಡುವ ದಿನ ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿದರು. ಒಳಗೆ ದೊಡ್ಡ ಪಾತ್ರೆಯಲ್ಲಿ ಕಡಲೆ ಗುಗ್ಗರಿ ಕುದಿಯುತ್ತಿತ್ತು. ಓಣಿಯ ಹೆಂಗಸರು ತುಂಬಿದರು. ಮಾಬವ್ವ ತಾನು ನೇಯ್ದ ಸಣ್ಣ ಹಾಸು ತಂದು ತೊಟ್ಟಿಲೊಳಗೆ ಹಾಸಿದಳು. ಅಣ್ಣಿಗೇರಿಯಿಂದ ಬಸ್ಸು ಹಿಡಿದು ಸೋದರತ್ತೆ ಬಂದಿದ್ದಳು. ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಅವಳೇ. ದೊಡ್ಡಪ್ಪ ಮಾತ್ರ ಹೊರಗೆ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದ. ಅತ್ತೆ ತೊಟ್ಟಿಲಿಗೆ ಬಾಗಿದವಳು ಹಾಗೇ ತಲೆ ಎತ್ತಿ ಒಮ್ಮೆ ಆಯಿಯನ್ನು, ಒಮ್ಮೆ ಬಾಗಿಲನ್ನು ನೋಡಿದಳು.

“ಏನಂತ ಕೂಗಲಿ?”

ಕೇಳಿದರೂ ಆಯಿ ಮತ್ತೊಮ್ಮೆ ಹೇಳುತ್ತಿರಲಿಲ್ಲ. ಒಮ್ಮೆ ಹೇಳಿದ್ದೇ ಅವಳ ಪಾಲಿಗೆ ದೊಡ್ಡದಾಗಿತ್ತು. ಆಗ ದೊಡ್ಡಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತ. ಹೆಂಗಸರು ಸೆರಗು ಸರಿಮಾಡಿಕೊಂಡರು.

“ಯವ್ವಾ, ಆವತ್ತ ನಾನೂ ದಂಡಿ ಮ್ಯಾಲ ನಿನ್ನ ಬಾಜೂ ಇದ್ದೆ,” ಎಂದ. “ನಾನೂ ಅಪ್ಪಾ, ಅಪ್ಪಾ ಅಂತ ಒದರಿದ್ದೆ. ಅಪ್ಪನ ಹೆಸರ ನನ್ನ ಬಾಯಾಗೂ ಬರಲಿಲ್ಲ. ಈಗರ ಎಲ್ಲಿ ಬರತೈತಿ.” ಅಷ್ಟು ಹೇಳಿ ಅತ್ತೆಯ ಕಡೆಗೆ ತಿರುಗಿದ. “ತಂಗೀ, ಅವ್ವ ಹೇಳಿದ್ದ ಕೂಗು. ಸಮೀರ.”

ಅತ್ತೆ ಬಾಗಿ ಕೂಸಿನ ಕಿವಿಯಲ್ಲಿ “ಕುರ್ರ್, ಸಮೀರ” ಎಂದಳು. ಸುತ್ತಲಿದ್ದವರೆಲ್ಲ ರೂಢಿಯಂತೆ ಅವಳ ಬೆನ್ನಿಗೆ ದಬದಬ ಗುದ್ದಿದರು, ಅವಳು “ಸಾಕ್ರೇ, ಸತ್ನಿ” ಎಂದು ನಗುತ್ತ ಚೀರಿದಳು. ಗದ್ದಲದಲ್ಲಿ ಆಯಿ ಕಾಣಲಿಲ್ಲ. ಹುಡುಕುತ್ತ ಹೊರಗೆ ಹೋದೆ. ಅವಳು ಓಣಿಯ ನಡುವೆ, ಉರಿ ಬಿಸಿಲಲ್ಲಿ, ನಮ್ಮ ಮನೆಗೇ ಮುಖ ಮಾಡಿ ನಿಂತಿದ್ದಳು. ಒಳಗೆ ತೊಟ್ಟಿಲಲ್ಲಿರುವ ಹದಿಮೂರು ದಿನದ ಕೂಸನ್ನು ಹೊಲದಿಂದ ಕರೆಯುವಂತೆ ಕರೆದಳು. “ಸಮೀರಾ…” ಹೋರಿ ಕಟ್ಟುತ್ತಿದ್ದವನೊಬ್ಬ ತಿರುಗಿ ನೋಡಿದ. ಒಳಗೆ ಕೂಸು ಎಚ್ಚರಾಗಿ ಅಳತೊಡಗಿತು. ಆಯಿ ಹೆದರಿ, ನಾಚಿ, ಓಡಿ ಬಂದಳು.

ಊರವರು ಮೊದಮೊದಲು ನಕ್ಕರು. ‘ರೇಡಿಯೋ ಹೆಸರು’ ಎಂದು ಚಾಷ್ಟಿ ಮಾಡಿದರು. ಆದರೆ ದಿನವೂ ಆ ಕೂಗು ಕೇಳಿ ಕೇಳಿ ಹೆಂಗಸರಿಗೆ ರುಚಿ ಹತ್ತಿರಬೇಕು. ಎರಡು ವರ್ಷದೊಳಗೆ ಮೇಲಿನ ಓಣಿಯಲ್ಲಿ ಒಬ್ಬ ಸಮೀರ ಹುಟ್ಟಿದ, ಆಮೇಲೆ ಮಸೀದಿಯ ಹಿಂದೆ ಇಬ್ಬರು, ಆಮೇಲೆ ಲೆಕ್ಕ ತಪ್ಪಿತು. ಯಾರೂ ಅರ್ಥ ಕೇಳಿ ಇಟ್ಟದ್ದಲ್ಲ. ಆ ಹೆಸರು ಯಾವ ಹಿರಿಯನದೂ ಅಲ್ಲವಾದ್ದರಿಂದ, ಅತ್ತೆ ಸೊಸೆ ಇಬ್ಬರೂ ಅದನ್ನು ಕೂಗಬಹುದಿತ್ತು. ಮುಂದೆ ನಾನು ಕನ್ನಡ ಸಾಲೆಯ ಶಿಕ್ಷಕಿಯಾಗಿ ಕುಂದಗೋಳ, ಕಲಘಟಗಿ ಎಂದು ಊರೂರು ತಿರುಗಿದೆ. ಮಿಶ್ರಿಕೋಟಿಯ ಒಂದೇ ತರಗತಿಯಲ್ಲಿ ಇಬ್ಬರು ಸಮೀರರಿದ್ದರು, ಒಬ್ಬನ ಹಣೆಗೆ ವಿಭೂತಿ, ಇನ್ನೊಬ್ಬನ ತಲೆಗೆ ಟೊಪ್ಪಿಗೆ. ಕರೆದರೆ ಇಬ್ಬರೂ ಒಟ್ಟಿಗೆ ಏಳುತ್ತಿದ್ದರು. ಈಗ ಆ ಹೆಸರೂ ಹಳತಾಗುತ್ತಿದೆ. ತಾಯಂದಿರು ಮೊಬೈಲಿನಲ್ಲಿ ಹುಡುಕಿ ಆರವ್, ಅಯಾನ್ ಎಂದು ಬರೆಸುತ್ತಾರೆ, ಅರ್ಥವನ್ನೂ ತೋರಿಸುತ್ತಾರೆ. ನಾನು ನೋಡಿ, “ಒಮ್ಮೆ ಕೂಗಿ ನೋಡೀರೇನವಾ?” ಎಂದು ಕೇಳುತ್ತೇನೆ. ಅವರು ನಗುತ್ತಾರೆ. ಹಾಜರಿ ಕರೆಯುವಾಗ ನಾನು ಯಾವ ಮಗುವಿನ ಹೆಸರನ್ನೂ ಮೊಟಕು ಮಾಡಿದವಳಲ್ಲ. ನನ್ನ ಗಂಡನನ್ನು ಮದುವೆಯಾದ ಮೊದಲ ತಿಂಗಳಲ್ಲೇ ಹೆಸರು ಹಿಡಿದು ಕರೆದೆ. ಅವರು ಬೆಚ್ಚಿ, ಯಾರು ಕರೆದರೆಂದು ಹೊರಗೆ ನೋಡಿದರು.

ಆಯಿ ಹೋದದ್ದು ತಮ್ಮ ಸಮೀರ ಏಳನೇ ಇಯತ್ತೆಯಲ್ಲಿದ್ದಾಗ. ಅಷ್ಟು ವರ್ಷ ಅವಳು ಅವನನ್ನು ಊಟಕ್ಕೆ, ಎರೆಯಲು, ಸಾಲೆಗೆ, ಕೆಲವೊಮ್ಮೆ ಯಾವ ಕೆಲಸವೂ ಇಲ್ಲದೆ ಕರೆದಳು. ಮೊದಲ ಕೂಗಿಗೆ ಅವನು ಎಂದೂ ಬಂದವನಲ್ಲ. ದೊಡ್ಡಪ್ಪ “ಕಿವುಡ ಹುಟ್ಯಾನ” ಎಂದು ಬೈಯುತ್ತಿದ್ದ. ನನಗೂ ಸಿಟ್ಟು ಬರುತ್ತಿತ್ತು, ಮುದುಕಿ ಬಿಸಿಲಲ್ಲಿ ನಿಂತು ಗಂಟಲು ಹರಿದುಕೊಳ್ಳುತ್ತಾಳೆಂದು. ತಮ್ಮ ಈಗ ನಲವತ್ತು ದಾಟಿದವನು, ಊರಲ್ಲೇ ಹತ್ತಿ ಬೆಳೆಯುತ್ತಾನೆ. ಹೋದ ವರ್ಷ ನಾನು ಊರಿಗೆ ಹೋದಾಗ, ಇಬ್ಬರೂ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದೆವು. ಅಷ್ಟು ಕರೆದರೂ ಯಾಕೆ ಓಗೊಡುತ್ತಿರಲಿಲ್ಲವೆಂದು ಆಗ ಕೇಳಿದೆ.

“ಮೊದಲನೇ ಸಲಕ್ಕ ಕೇಳತಿತ್ತು ಅವ್ವಕ್ಕ,” ಎಂದ. “ಮಾಬವ್ವನ ಮಗ್ಗದ ಹಿಂದ ಕುಂತಿರತಿದ್ದೆ. ಎರಡನೇ ಸಲ ದನಿ ಉದ್ದ ಆಕ್ಕಿತ್ತು. ಮೂರನೇದಂತೂ ಇನ್ನೂ ಉದ್ದ. ಅದನ್ನ ಕೇಳಿದ ಮ್ಯಾಲ ಓಡಿ ಬರತಿದ್ದೆ. ಮಾಬವ್ವಗೂ ಗೊತ್ತಿತ್ತು. ನಾ ಏಳಾಕ ಹೋದ್ರ ಅಂಗಿ ಹಿಡದು, ‘ಕುಂದ್ರಲೇ, ಇನ್ನೂ ಒಮ್ಮೆ ಕರೀಲಿ’ ಅಂತಿದ್ಲು.”